ಮೀಟರ್ ಮೇಲೆ ಐವತ್ತು

ರಾತ್ರಿ ಒಂಬತ್ತೂ ಮುಕ್ಕಾಲು. ತಿಪಟೂರಿನ ಬಸ್ಸಿನಿಂದ ಮೆಜೆಸ್ಟಿಕ್‌ನಲ್ಲಿ ಇಳಿದು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಅಕ್ಕ ಕಟ್ಟಿಕೊಟ್ಟ ಕೊಬ್ಬರಿ ಚೀಲ ಹಿಡಿದು ಆಟೋಗಳ ಮುಂದೆ ನಿಂತೆ. ಬಸವನಗುಡಿ ಅಂದ ಕೂಡಲೇ ಮೊದಲನೆಯವರು "ಒನ್ ಅಂಡ್ ಹಾಫ್ ಆಗತ್ತೆ ಅಮ್ಮ" ಎಂದರು, ಅಂದರೆ ಮೀಟರಿನ ಒಂದೂವರೆ ಪಟ್ಟು. ಪಕ್ಕದವರು "ಮೀಟರ್ ಮೇಲೆ ಐವತ್ತು ಕೊಡಿ ಸಾಕು, ಬನ್ನಿ" ಎಂದರು. ಹತ್ತು ಗಂಟೆಗೆ ಮುಂಚೆ ಎರಡನ್ನೂ ಕೇಳುವ ಹಾಗಿಲ್ಲ. ಆದರೆ ಕೊಬ್ಬರಿ ಚೀಲ ಹೊತ್ತು ನಿಂತವರು ಕಾನೂನು ಮಾತಾಡುವುದು ಕಷ್ಟ. "ಒನ್ ಅಂಡ್ ಹಾಫ್" ಅನ್ನುವುದು ಯಾಕೋ ಕಿವಿಗೇ ದುಬಾರಿ ಅನಿಸಿತು. ಎರಡನೆಯವರ ಆಟೋ ಹತ್ತಿದೆ.

ಮನೆಗೆ ಬಂದು ಲೆಕ್ಕ ಹಾಕಿದರೆ 3 ರೂಪಾಯಿ 20 ಪೈಸೆ ನಷ್ಟ. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ಇದು ಮೂರು ರೂಪಾಯಿಯ ಮಾತಲ್ಲ, ಮರ್ಯಾದೆಯ ಮಾತು.

ಮೊಮ್ಮಗಳು ಈ ವರ್ಷ ಹತ್ತನೇ ಕ್ಲಾಸು. ಅವಳ ಗ್ರಾಫ್ ಹಾಳೆ ಒಂದನ್ನು ಕಿತ್ತುಕೊಂಡು ಕೂತೆ. ಅಡ್ಡ ಗೆರೆಯ ಉದ್ದಕ್ಕೂ ಕಿಲೋಮೀಟರು, ನಿಂತ ಗೆರೆಯ ಉದ್ದಕ್ಕೂ ರೂಪಾಯಿ. ಎರಡೂ ಸೇರುವ ಮೂಲೆಯೇ ಮೂಲಬಿಂದು: ಆಟೋ ಹೊರಟಿಲ್ಲ, ದುಡ್ಡೂ ಆಗಿಲ್ಲ. ಒಂದೊಂದು ಪ್ರಯಾಣಕ್ಕೂ ಇಲ್ಲಿ ಒಂದೊಂದು ಚುಕ್ಕೆ. 5 ಕಿಲೋಮೀಟರಿಗೆ 90 ರೂಪಾಯಿ ಆದರೆ ಬಲಕ್ಕೆ ಐದು ನಡೆದು ಮೇಲಕ್ಕೆ ತೊಂಬತ್ತು ಹತ್ತು, ಅಲ್ಲಿ ಚುಕ್ಕೆ ಇಡು. 7 ಕಿಲೋಮೀಟರಿಗೆ 126, ಅಲ್ಲೊಂದು. ಹೀಗೆ ಇಡುತ್ತಾ ಹೋದರೆ ಚುಕ್ಕೆಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಸ್ಕೇಲು ಇಟ್ಟರೆ ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಮೂರನೆಯ ಕಿಲೋಮೀಟರಾಗಲಿ, ಹದಿಮೂರನೆಯದಾಗಲಿ, ಏರುವುದು ಅದೇ 18 ರೂಪಾಯಿ. ಏರಿಕೆ ಎಲ್ಲೂ ಹೆಚ್ಚು ಕಡಿಮೆ ಆಗದಿರುವುದನ್ನೇ ನಾವು "ಸರಳ" ಅನ್ನುವುದು. (ನಿಜವಾದ ಮೀಟರಿನ ಅಂಕಿ ಹಾರಿ ಹಾರಿ ಏರುತ್ತದೆ, ಹತ್ತಿರದಿಂದ ನೋಡಿದರೆ ಅದು ಸಣ್ಣ ಮೆಟ್ಟಿಲು. ನಾವು ಸ್ವಲ್ಪ ದೂರದಿಂದ ನೋಡೋಣ.)

ಆ 18 ಎಲ್ಲಿಂದ ಬಂತು ಅನ್ನುವುದಕ್ಕೆ ದರಪಟ್ಟಿಯೇ ಬೇಕಿಲ್ಲ, ಎರಡು ಚುಕ್ಕೆ ಸಾಕು. ಮೇಲಕ್ಕೆ ಏರಿದ್ದು 126ರಲ್ಲಿ 90 ಕಳೆದರೆ 36. ಅಡ್ಡಕ್ಕೆ ಸರಿದದ್ದು 2. ಭಾಗಿಸಿದರೆ 18. ಪುಸ್ತಕದಲ್ಲಿ ಇದಕ್ಕೆ ಇಳಿಜಾರು ಅನ್ನುತ್ತಾರೆ, ಏರುತ್ತಿದ್ದರೂ ಇಳಿಜಾರೇ.

ಬೆಂಗಳೂರಿನ ದರ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಗೆರೆ ಎಳೆದ ಮೇಲೆ ಮೊಮ್ಮಗಳು ಒಂದು ವಿಷಯ ಹಿಡಿದಳು: "ಅಜ್ಜಿ, ಇದನ್ನ ಹಿಂದಕ್ಕೆ ಎಳೆದರೆ ನೇರ ಮೂಲಬಿಂದುಗೇ ಹೋಗತ್ತೆ." ಹೌದಲ್ಲ! ಎರಡು ಹದಿನೆಂಟಲಿ ಮೂವತ್ತಾರು. ಅಂದರೆ 2 ಕಿಲೋಮೀಟರು ದಾಟಿದ ಮೇಲೆ ಬಾಡಿಗೆ ಸುಮ್ಮನೆ 18 × ದೂರ, ಹತ್ತಿ ಕೂತದ್ದಕ್ಕೆ ಅಂತ ಬೇರೆ ಕಾಸಿಲ್ಲ. ಎರಡರೊಳಗೆ ಮಾತ್ರ ಗೆರೆ 36ರ ಎತ್ತರದಲ್ಲಿ ಮಟ್ಟಸ ಮಲಗಿದೆ, ಅಲ್ಲಿ ಇಳಿಜಾರು ಸೊನ್ನೆ. 2021ರ ಡಿಸೆಂಬರಿನಲ್ಲಿ ಬಂದ ಹಿಂದಿನ ದರವೂ ಹೀಗೇ, 2ಕ್ಕೆ 30, ಆಮೇಲೆ 15. ಅದಕ್ಕೂ ಹಿಂದೆ, 2013ರದ್ದು, ಮೊದಲ 1.9 ಕಿಲೋಮೀಟರಿಗೆ 25, ಆಮೇಲೆ 13. ಇಲ್ಲಿ ಮಾತ್ರ ಲೆಕ್ಕ ಕೂಡುವುದಿಲ್ಲ. 13ರಂತೆ 1.9ಕ್ಕೆ 24 ರೂಪಾಯಿ 70 ಪೈಸೆ ಆಗಬೇಕು, ತೆಗೆದುಕೊಂಡದ್ದು 25. ಆ ಗೆರೆಯನ್ನು ಹಿಂದಕ್ಕೆ ಎಳೆದರೆ ಮೂಲಬಿಂದುವಿಗಿಂತ 30 ಪೈಸೆ ಮೇಲೆ ನಿಂತ ಗೆರೆಗೆ ತಾಗುತ್ತದೆ. ಎಂಟು ವರ್ಷ ಆ 30 ಪೈಸೆ ಕೊಟ್ಟುಕೊಂಡೇ ಓಡಾಡಿದ್ದೇನೆ, ಈಗ ಕಣ್ಣಿಗೆ ಬಿತ್ತು.

ಆ 30 ಪೈಸೆಗೆ ಗಣಿತದಲ್ಲಿ ಒಂದು ಹೆಸರಿದೆ. ವೈ = ಎಂ ಎಕ್ಸ್ + ಸಿ ಅಂತ ಓದಿದ್ದು ನೆನಪಿದೆಯಲ್ಲ, ಅದರ ಬಾಲದಲ್ಲಿ ಕೂತ "ಸಿ". ವೈ ಅಂದರೆ ಬಾಡಿಗೆ, ಎಕ್ಸ್ ಅಂದರೆ ದೂರ, ಎಂ ಅಂದರೆ ಇಳಿಜಾರು, ನಮ್ಮ 18. ಸಿ ಅಂದರೆ ಗೆರೆ ನಿಂತ ಅಕ್ಷವನ್ನು ಕತ್ತರಿಸುವ ಎತ್ತರ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ "ಮಿಸ್, ಈ ಸಿ ಏನು ಕೆಲಸ ಮಾಡತ್ತೆ?" ಅಂತ ಕೇಳಿದ್ದ. "ಪರೀಕ್ಷೆಗೆ ಇಷ್ಟು ಗೊತ್ತಿದ್ದರೆ ಸಾಕು, ಕೂತ್ಕೋ" ಅಂದಿದ್ದೆ. ಮೆಜೆಸ್ಟಿಕ್‌ನ ಆ ಇಬ್ಬರು ಅವನಿಗೆ ನನಗಿಂತ ಚೆನ್ನಾಗಿ ಹೇಳುತ್ತಿದ್ದರು. "ಒನ್ ಅಂಡ್ ಹಾಫ್" ಅಂದವರು ಎಂ ಮುಟ್ಟಿದರು. 18 ಹೋಗಿ 27 ಆಯಿತು, ಗೆರೆ ಮೂಲಬಿಂದುವಿನಲ್ಲೇ ಕಾಲೂರಿ ಕಡಿದಾಗಿ ಎದ್ದಿತು. "ಮೀಟರ್ ಮೇಲೆ ಐವತ್ತು" ಅಂದವರು ಎಂ ಗೋಜಿಗೇ ಹೋಗಲಿಲ್ಲ. ಇದ್ದ ಗೆರೆಯನ್ನು ಇದ್ದ ಹಾಗೇ ಐವತ್ತು ಮೆಟ್ಟಿಲು ಮೇಲಕ್ಕೆತ್ತಿ ಇಟ್ಟರು. ಹಳೆಯ ಗೆರೆ, ಹೊಸ ಗೆರೆ ಎರಡೂ ಸಮಾಂತರ, ಎಷ್ಟು ದೂರ ಹೋದರೂ ಐವತ್ತರ ಅಂತರ ಐವತ್ತೇ.

ಈಗ ಇವರಿಬ್ಬರ ಗೆರೆಗಳನ್ನು ಒಂದೇ ಹಾಳೆಯಲ್ಲಿ ಎಳೆಯಿರಿ. ಶುರುವಿನಲ್ಲಿ ಐವತ್ತರವರ ಗೆರೆ ಮೇಲಿದೆ. ಒನ್ ಅಂಡ್ ಹಾಫ್ ಕೆಳಗಿದ್ದರೂ ಬೇಗ ಏರುತ್ತದೆ, ಕಿಲೋಮೀಟರಿಗೆ 9 ರೂಪಾಯಿಯಂತೆ ಹತ್ತಿರ ಬರುತ್ತದೆ. 50ನ್ನು 9ರಿಂದ ಭಾಗಿಸಿದರೆ 5.56. ಅಲ್ಲಿ ಎರಡೂ ಒಂದನ್ನೊಂದು ದಾಟುತ್ತವೆ, ಬಾಡಿಗೆ ಎರಡರಲ್ಲೂ 150. ಎಸ್ಸೆಸ್ಸೆಲ್ಸಿಯಲ್ಲಿ "ನಕ್ಷೆಯ ಮೂಲಕ ಬಿಡಿಸಿ" ಎಂದು ಕೇಳುವ ನಾಲ್ಕು ಮಾರ್ಕಿನ ಪ್ರಶ್ನೆ ಇದೇ. ಮಕ್ಕಳು ಛೇದಿಸುವ ಬಿಂದುವಿಗೆ ಒಂದು ಸೊನ್ನೆ ಸುತ್ತಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ನಮ್ಮ ಮನೆ ಮೆಜೆಸ್ಟಿಕ್‌ನಿಂದ 5.2 ಕಿಲೋಮೀಟರು. ಒನ್ ಅಂಡ್ ಹಾಫ್ ಆಗಿದ್ದರೆ 140.40, ಮೀಟರ್ ಮೇಲೆ ಐವತ್ತು ಆದರೆ 143.60. ಮನೆ ಇನ್ನೊಂದು 400 ಮೀಟರು ಆಚೆ ಇದ್ದಿದ್ದರೆ ನಾನೇ ಜಾಣೆ.

"ಅಜ್ಜಿ, ಸಿಗ್ನಲ್‌ನಲ್ಲಿ ನಿಂತರೆ?" ಅಂದಳು ಮೊಮ್ಮಗಳು. ಕಾಯುವುದಕ್ಕೆ ಮೊದಲ 5 ನಿಮಿಷ ಉಚಿತ, ಆಮೇಲೆ 15 ನಿಮಿಷಕ್ಕೆ 10 ರೂಪಾಯಿ. ದೂರ ಅಲ್ಲೇ ಇದೆ, ದುಡ್ಡು ಏರುತ್ತದೆ. ಗೆರೆ ನೆಟ್ಟಗೆ ನಿಲ್ಲುತ್ತದೆ. ಇಳಿಜಾರು ಎಷ್ಟು? ಏರಿದ್ದು 10, ಸರಿದದ್ದು ಸೊನ್ನೆ, ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಹಾಗಾಗಿ ನಿಂತ ಗೆರೆಯನ್ನು ವೈ = ಎಂ ಎಕ್ಸ್ + ಸಿ ಒಳಗೆ ತೂರಿಸಲು ಆಗದು. ಅದಕ್ಕೆ ಎಕ್ಸ್ = 4 ಅಂತಷ್ಟೇ ಬರೆಯಬೇಕು: ನಾಲ್ಕನೇ ಕಿಲೋಮೀಟರಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಅಂತ.

ಗೆರೆಗೂ ಸಮೀಕರಣಕ್ಕೂ ಗಂಟು ಹಾಕಿದವರು ಫ್ರಾನ್ಸಿನ ಇಬ್ಬರು, ಸುಮಾರು ಒಂದೇ ಕಾಲದಲ್ಲಿ. ಡೆಕಾರ್ಟೆಯ "ಲಾ ಜಿಯೊಮೆಟ್ರಿ" 1637ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. ಟೂಲೂಸಿನ ನ್ಯಾಯಾಲಯದಲ್ಲಿ ಕೆಲಸಕ್ಕಿದ್ದ ಫರ್ಮಾ, ಎರಡು ಅಜ್ಞಾತ ಸಂಖ್ಯೆಗಳ ಸಮೀಕರಣವೊಂದು ಗೆರೆಯನ್ನು ಎಳೆಯುತ್ತದೆ ಎಂದು ಬರೆದು ಸ್ನೇಹಿತರಿಗೆ ಕಳಿಸಿ ಸುಮ್ಮನಾದ. ಅದು ಅಚ್ಚಾಗಿದ್ದು 1679ರಲ್ಲಿ, ಅವನು ಸತ್ತು 14 ವರ್ಷದ ಮೇಲೆ. ಡೆಕಾರ್ಟೆ ಮಲಗಿಕೊಂಡು ಸೂರಿನ ಮೇಲಿನ ನೊಣ ನೋಡಿ ಇದನ್ನೆಲ್ಲ ಕಂಡುಹಿಡಿದ ಅಂತ ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಕಥೆ ಹೇಳುತ್ತಿದ್ದೆ. ಅದಕ್ಕೆ ಆಧಾರವಿಲ್ಲವಂತೆ. ನೊಣ ಹೋದರೂ ಕ್ಲಾಸು ನಡೆಯುತ್ತದೆ, ಆಟೋ ಇದೆಯಲ್ಲ.

ಕೊನೆಗೆ ಮೊಮ್ಮಗಳು ಪೆನ್ಸಿಲ್ ಹಿಡಿದು, "ನೀನು ನಿಜವಾಗಿ ಎಷ್ಟು ಕೊಟ್ಟೆ ಹೇಳು, ಆ ಚುಕ್ಕೆ ಇಡ್ತೀನಿ" ಅಂದಳು. ಆಟೋದವರ ಹತ್ತಿರ ಚಿಲ್ಲರೆ ಇರಲಿಲ್ಲ, ಚೀಲವನ್ನು ಗೇಟಿನವರೆಗೂ ತಂದಿಟ್ಟಿದ್ದರು, ನೂರೈವತ್ತು ಕೊಟ್ಟು ಬಂದಿದ್ದೆ. 5.2ರ ನೇರಕ್ಕೆ 150ರಲ್ಲಿ ಚುಕ್ಕೆ ಇಟ್ಟಳು. ಅದು ಎರಡು ಗೆರೆಗಳ ಮೇಲೂ ಕೂರಲಿಲ್ಲ.