ಹಲ್ಲಿಲ್ಲದ ಡ್ರಾಕುಲಾ!

ಮೆಲ್ ಬ್ರೂಕ್ಸ್ ಅಂದರೆ ಸಾಕು, ಹಾಲಿವುಡ್ ಹಾಸ್ಯಚಿತ್ರಗಳ ರಸಿಕರು ಕಿವಿ ನಿಮಿರಿಸುತ್ತಾರೆ. 1974ರ ಒಂದೇ ವರ್ಷದಲ್ಲಿ ‘ಬ್ಲೇಜಿಂಗ್ ಸ್ಯಾಡಲ್ಸ್’, ‘ಯಂಗ್ ಫ್ರಾಂಕೆನ್‌ಸ್ಟೈನ್’ ಎಂಬ ಎರಡು ಭರ್ಜರಿ ಹಿಟ್ ಕೊಟ್ಟ ಭೂಪ! ಅಂಥವನ ಕೈಗೆ ರಕ್ತ ಹೀರುವ ಡ್ರಾಕುಲಾ ಸಿಕ್ಕರೆ ಕೇಳಬೇಕೆ? 1995ರ ‘ಡ್ರಾಕುಲಾ: ಡೆಡ್ ಅಂಡ್ ಲವಿಂಗ್ ಇಟ್’ ನೋಡಲು ನಾನು ನಗುತ್ತಲೇ ಕೂತೆ.

ಕೂತದ್ದು ಎಲ್ಲಿ ಗೊತ್ತೇ? ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ, ಗೆಳೆಯನೊಬ್ಬನ ಮನೆಯಲ್ಲಿ. ಟೀವಿ ಮುಂದೆ ಐದಾರು ಹುಡುಗರು, ನಡುವೆ ಬಿಸಿ ಮೊಮೊ ತಟ್ಟೆ.

‘ನೇಕೆಡ್ ಗನ್’ ಖ್ಯಾತಿಯ ಲೆಸ್ಲಿ ನೀಲ್ಸನ್ ಇಲ್ಲಿ ಡ್ರಾಕುಲಾ. ಅವನನ್ನು ಬೇಟೆಯಾಡುವ ವ್ಯಾನ್ ಹೆಲ್ಸಿಂಗ್ ಸ್ವತಃ ಬ್ರೂಕ್ಸ್. ಡ್ರಾಕುಲಾನ ನೆರಳು ಅವನ ಮಾತು ಕೇಳದೆ ತನ್ನ ಪಾಡಿಗೆ ಆಡುತ್ತದೆ, ಸೊಗಸು! ಪಿಶಾಚಿಯ ಎದೆಗೆ ಗೂಟ ಹೊಡೆದಾಗ ರಕ್ತ ಕಾರಂಜಿಯಂತೆ ಚಿಮ್ಮುತ್ತದೆ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ? ಬಾವಲಿ ಹಿಕ್ಕೆ ಮೇಲೆ ಕಾಲಿಟ್ಟು ಜಾರುವ ಡ್ರಾಕುಲಾ, ಮನುಷ್ಯನ ಮುಖದ ಬಾವಲಿ... ತಟ್ಟೆ ಖಾಲಿಯಾಗುವ ಹೊತ್ತಿಗೆ ನಗುವೂ ಖಾಲಿ.

ಪಕ್ಕದ ಹುಡುಗ ಅಂದ: “ಇವನಿಗೆ ಯಾರು ಹೆದರ್ತಾರಣ್ಣಾ? ನಮ್ಮ ರೋಲಾಂಗ್ ಕಥಿ ಕೇಳ್ರಿ.” ರೋಲಾಂಗ್ ಅಂದರೆ ಎದ್ದು ನಡೆಯುವ ಹೆಣ. ಅದಕ್ಕೆ ಸೊಂಟ ಬಗ್ಗುವುದಿಲ್ಲ. ಅದು ಒಳಗೆ ಬಾರದಿರಲಿ ಎಂದೇ ಟಿಬೆಟಿನ ಹಳೇ ಮನೆಗಳಿಗೆ ಗಿಡ್ಡ ಬಾಗಿಲು ಇಡುತ್ತಿದ್ದರಂತೆ. ಹೆಣ ಬಾಗಿಲಿಗೆ ಹಣೆ ಚಚ್ಚಿಕೊಳ್ಳುವುದನ್ನು ಅವನು ಎದ್ದು ನಿಂತು ಆಡಿ ತೋರಿಸಿದ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆದರೆ ಎಲ್ಲರೂ ಒಮ್ಮೆ ಬಾಗಿಲ ಕಡೆಗೂ ನೋಡಿದೆವು!

ಬ್ರೂಕ್ಸ್ ಎಡವಿದ್ದು ಇಲ್ಲೇ ನೋಡಿ. ಮೊದಲು ಭಯ ಇರಬೇಕು, ಆಗ ನಗು ಹುಟ್ಟುತ್ತದೆ. ಇದು ಆತನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ‘ಯಂಗ್ ಫ್ರಾಂಕೆನ್‌ಸ್ಟೈನ್’ ಕಪ್ಪು-ಬಿಳುಪಿನಲ್ಲೇ ಆಗಬೇಕೆಂದು ಹಟ ಹಿಡಿದು, ಒಪ್ಪದ ಕೊಲಂಬಿಯಾ ಸಂಸ್ಥೆಯನ್ನೇ ಬಿಟ್ಟು ಫಾಕ್ಸ್ ಬಾಗಿಲು ತಟ್ಟಿದವನು ಆತ. 1931ರ ಮೂಲ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಪ್ರಯೋಗಶಾಲೆಯ ಸಲಕರಣೆಗಳನ್ನೇ ಹುಡುಕಿ ತಂದಿದ್ದ. ಅಷ್ಟು ಶ್ರದ್ಧೆಯಿಂದ ಹೆದರಿಸುವ ಲೋಕ ಕಟ್ಟಿ, ಆಮೇಲೆ ಕಚಗುಳಿ ಇಟ್ಟ. ಡ್ರಾಕುಲಾ ಸರದಿ ಬಂದಾಗ ಬೆಲಾ ಲುಗೋಸಿಯ 1931ರ ಚಿತ್ರ, ಕೊಪ್ಪೊಲಾನ 1992ರ ಚಿತ್ರ ಎರಡನ್ನೂ ಅಣಕಿಸಿದನೇ ಹೊರತು ಕತ್ತಲೆಯನ್ನು ಕಟ್ಟಲಿಲ್ಲ.

ನಮ್ಮಲ್ಲೇನು ಸರಕಿಗೆ ಬರವೇ? ತೊಂಬತ್ತರ ದಶಕದಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸ್ ಕಳಿಸಿದ ನಾಡಿದು! ಅಂಥದೇ ಗೋಡೆಬರಹ ಹಿಡಿದು ಹಿಂದಿಯ ‘ಸ್ತ್ರೀ’ 2018ರಲ್ಲಿ ಗಲ್ಲಾಪೆಟ್ಟಿಗೆ ತುಂಬಿಸಿಕೊಂಡಿತು. ಹೆದರಿಸಿತು, ನಗಿಸಿತು. ನಮ್ಮ ಗಾಂಧಿನಗರದವರು ಇದನ್ನು ಗಮನಿಸಲಿ.

ಡ್ರಾಕುಲಾ ನಂತರ ಬ್ರೂಕ್ಸ್ ಮತ್ತೊಂದು ಚಿತ್ರ ನಿರ್ದೇಶಿಸಲಿಲ್ಲ. ಹಾಗಂತ ಮುಗಿದುಹೋದ ಎನ್ನಬೇಡಿ. ತನ್ನ ಹಳೇ ಚಿತ್ರ ‘ದಿ ಪ್ರೊಡ್ಯೂಸರ್ಸ್’ ಅನ್ನು 2001ರಲ್ಲಿ ಸಂಗೀತ ನಾಟಕವಾಗಿಸಿ 12 ಟೋನಿ ಪ್ರಶಸ್ತಿ ಬಾಚಿಕೊಂಡ!

ಮಿತ್ರರೇ, ಡ್ರಾಕುಲಾ ನೋಡಲೇಬೇಕೆಂದರೆ ನೋಡಿ. ಆದರೆ ‘ಯಂಗ್ ಫ್ರಾಂಕೆನ್‌ಸ್ಟೈನ್’ ಮೊದಲು ನೋಡಿ. ಬ್ರೂಕ್ಸ್‌ನ ಅಭಿಮಾನಿಯಾಗಲು ಅದೊಂದು ಸಾಕು.