ಹಿಮ್ಮಡಿ ನೋವಿಗೆ ಕರಿಗಿರಿಯ ರಬ್ಬರು

ಹುಬ್ಬಳ್ಳಿಯ ಹಳೇ ಪೇಟೆಯ ಓಣಿಯೊಂದರಲ್ಲಿರುವ ಆ ಚಪ್ಪಲಿ ಅಂಗಡಿಯಲ್ಲಿ ಎಲ್ಲವೂ ಇತ್ತು: ರಂಪಿಗೆ, ಉಳಿ, ಮೇಣ ಹಚ್ಚಿದ ದಾರ, ಅಂಟಿನ ಡಬ್ಬಿ, ಗೋಡೆಗೆ ಒರಗಿಸಿದ ಕಪ್ಪು ರಬ್ಬರಿನ ಹಾಳೆಗಳು. ಕಾಣದೇ ಇದ್ದದ್ದು ಮೊಳೆ ಮಾತ್ರ. ಚಪ್ಪಲಿ ಮಾಡುವವರ ಅಂಗಡಿಯಲ್ಲಿ ಮೊಳೆಯಿಲ್ಲದೆ ಹೇಗೆ ಎಂದು ಕೇಳಿದೆ. ನನ್ನ ಪಾದದ ಸುತ್ತ ಪೆನ್ಸಿಲ್ ಎಳೆಯುತ್ತಿದ್ದ, ಅರವತ್ತು ದಾಟಿದ ಹಿರಿಯರು ತಲೆಯೆತ್ತಿ ಹೇಳಿದರು: "ಎಂ.ಸಿ.ಆರ್. ಚಪ್ಪಲಿಗೆ ಮೊಳಿ ಹೊಡೆಯೂದಿಲ್ರೀ ಅಕ್ಕಾರ. ಇದು ಮೊದಲ ಹುಟ್ಟಿದ್ದು ಮೊಳಿ ಚುಚ್ಚಿದ್ರೂ ಗೊತ್ತಾಗದವ್ರ ಕಾಲಿಗೆ."

ನಾನು ಹೋದದ್ದು ಹಿಮ್ಮಡಿ ನೋವಿಗೆ ಮೆತ್ತನೆಯ ಚಪ್ಪಲಿ ಹೊಲಿಸಲು. ಉಣಕಲ್ ಕೆರೆಯ ದಂಡೆಯ ಮೇಲೆ ಬೆಳಗಿನ ನಡಿಗೆ ಶುರುವಾದ ಮೇಲೆ ಹತ್ತಿಕೊಂಡ ನೋವು, ಕಡಿಮೆಯಾಗುವುದು, ಮತ್ತೆ ಬರುವುದು. ಆದರೆ ಆ ಒಂದು ಮಾತು ಕೇಳಿದ ಮೇಲೆ ಅಲ್ಲಿಂದ ಏಳುವ ಮನಸ್ಸೇ ಆಗಲಿಲ್ಲ. ನೋವಿರುವವರಿಗೆಲ್ಲ ವೈದ್ಯರು ಬರೆದುಕೊಡುವ, ಊರೂರಿನ ಔಷಧಿ ಅಂಗಡಿಯಲ್ಲೂ ತೂಗುಹಾಕಿರುವ ಈ 'ಡಾಕ್ಟರ್ ಚಪ್ಪಲಿ' ನೋವೇ ಇಲ್ಲದವರಿಗಾಗಿ ಹುಟ್ಟಿತೇ? ಹೌದು, ಕುಷ್ಠರೋಗಿಗಳಿಗಾಗಿ. ಹಿರಿಯರ ಚಿಕ್ಕಪ್ಪ ಕುಷ್ಠರೋಗದ ಆಸ್ಪತ್ರೆಯೊಂದರಲ್ಲಿ ಚಪ್ಪಲಿ ಹೊಲಿಯುತ್ತಿದ್ದರಂತೆ. ಇವರು ಕೆಲಸ ಕಲಿತದ್ದು ಅವರ ಪಕ್ಕದಲ್ಲಿ ಕೂತು.

ಈ ರಬ್ಬರಿನ ಕತೆ ನಮ್ಮನ್ನು ತಮಿಳುನಾಡಿನ ವೆಲ್ಲೂರಿಗೆ ಒಯ್ಯುತ್ತದೆ. ಕೊಲ್ಲಿ ಬೆಟ್ಟಗಳಲ್ಲಿ 1914ರಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಪಾಲ್ ಬ್ರ್ಯಾಂಡ್, ಇಂಗ್ಲೆಂಡಿನಲ್ಲಿ ಓದಿ, 1946ರಲ್ಲಿ ಶಸ್ತ್ರವೈದ್ಯರಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠದಲ್ಲಿ ಕೈಕಾಲಿನ ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆ ಎಂದು ಆಗ ಎಲ್ಲರೂ ನಂಬಿದ್ದರು. ಬ್ರ್ಯಾಂಡ್ ಗಮನಿಸಿ ನೋಡಿದರೆ ಮಾಂಸಕ್ಕೆ ಏನೂ ಆಗಿರಲಿಲ್ಲ. ರೋಗ ನರಗಳನ್ನು ಕೊಂದಿತ್ತು. ನೋವು ಗೊತ್ತಾಗದ ಮನುಷ್ಯ ಕಾದ ಪಾತ್ರೆ ಹಿಡಿಯುತ್ತಿದ್ದ, ಹುಣ್ಣಾದ ಅಂಗಾಲಿನ ಮೇಲೆ ಕುಂಟದೆ ನಡೆಯುತ್ತಿದ್ದ. ರಾತ್ರಿ ಇಲಿ ಬಂದು ಬೆರಳು ಕಚ್ಚಿದರೂ ಎಚ್ಚರವಾಗುತ್ತಿರಲಿಲ್ಲ. ಇದು ಪತ್ತೆಯಾದ ಮೇಲೆ ರೋಗಿಗಳ ವಸತಿಗೆ ಬೆಕ್ಕುಗಳನ್ನು ತರಿಸಲಾಯಿತು.

ಕೈಗೆ ಶಸ್ತ್ರಚಿಕಿತ್ಸೆಯಿತ್ತು. ಕಾಲಿಗೆ ಬೇಕಾದದ್ದು ಸರಿಯಾದ ಚಪ್ಪಲಿ. ಹೆಜ್ಜೆಯ ಒತ್ತಡ ಒಂದೇ ಕಡೆ ಬೀಳದೆ ಅಂಗಾಲಿನ ತುಂಬ ಹರಡಬೇಕು, ಹಾಗೆಂದು ರಬ್ಬರು ತಿಂಗಳೊಪ್ಪತ್ತಿನಲ್ಲಿ ಚಪ್ಪಟೆಯಾಗಲೂಬಾರದು. ಐವತ್ತು, ಅರವತ್ತರ ದಶಕಗಳಲ್ಲಿ ವೆಲ್ಲೂರಿನಲ್ಲಿ ಮತ್ತು 1955ರಲ್ಲಿ ಪಕ್ಕದ ಕರಿಗಿರಿಯಲ್ಲಿ ಶುರುವಾದ ಷೀಫೆಲಿನ್ ಕುಷ್ಠರೋಗ ಸಂಶೋಧನಾ ಕೇಂದ್ರದಲ್ಲಿ ಇದಕ್ಕಾಗಿ ಪ್ರಯೋಗಗಳು ನಡೆದವು. ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ತುಂಬಿದ ಮೈಕ್ರೋಸೆಲ್ಯುಲಾರ್ ರಬ್ಬರು, ಅಂದರೆ ಎಂ.ಸಿ.ಆರ್., ಗೆದ್ದಿತು. ಕರಿಗಿರಿಯಲ್ಲಿ ಅದನ್ನು ತಯಾರಿಸುವ ಗಿರಣಿಯೇ ನಿಂತಿತು. ಗಡಸುತನ ಅಳೆಯುವ ಶೋರ್ ಮಾಪಕದಲ್ಲಿ ಸುಮಾರು 15 ಇರಬೇಕು ಎನ್ನುವುದು ಇದರ ಲೆಕ್ಕ. ಕೆಳಗೆ ಮುಳ್ಳು ತಡೆಯುವ ಗಟ್ಟಿ ಅಟ್ಟೆ, ಮೇಲೆ ಈ ಮೆತ್ತನೆಯ ಹಾಸು, ಹಿಂದೆ ಪಟ್ಟಿ. ಮೊಳೆಯಂತೂ ಸುತರಾಂ ಇಲ್ಲ, ಅಂಟು ಮತ್ತು ಹೊಲಿಗೆ ಮಾತ್ರ.

ಬ್ರ್ಯಾಂಡ್ ಅವರದೇ ಹಿಮ್ಮಡಿಯ ಪ್ರಸಂಗವೊಂದಿದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಐವತ್ತರ ದಶಕದ ಆರಂಭ. ಅಮೆರಿಕದಿಂದ ಹಡಗಿನಲ್ಲಿ ಇಂಗ್ಲೆಂಡಿಗೆ ಬಂದು, ಜ್ವರದ ಮೈಯಲ್ಲೇ ರೈಲಿನಲ್ಲಿ ಕೂತು ಲಂಡನ್ ತಲುಪಿದ್ದರು. ರಾತ್ರಿ ಕಾಲುಚೀಲ ತೆಗೆಯುವಾಗ ಹಿಮ್ಮಡಿಯಲ್ಲಿ ಸ್ಪರ್ಶವೇ ಇಲ್ಲದ್ದು ಗೊತ್ತಾಯಿತು. ಚುಚ್ಚಿಕೊಂಡರೂ ನೋವಿಲ್ಲ. ವರ್ಷಗಟ್ಟಲೆ ಕುಷ್ಠರೋಗಿಗಳ ನಡುವೆ ಇದ್ದವರಿಗೆ ಬರುವ ಯೋಚನೆ ಒಂದೇ. ರಾತ್ರಿಯೆಲ್ಲ ನಿದ್ದೆಯಿಲ್ಲ. ಬೆಳಿಗ್ಗೆ ಮತ್ತೆ ಸೂಜಿ ಚುಚ್ಚಿಕೊಂಡರೆ ಜೀವ ಹೋಗುವಷ್ಟು ನೋವು! ರೈಲಿನಲ್ಲಿ ಬಹಳ ಹೊತ್ತು ಅಲುಗಾಡದೆ ಕೂತಿದ್ದಕ್ಕೆ ನರ ಮರಗಟ್ಟಿತ್ತು, ಅಷ್ಟೆ. ಹಿಮ್ಮಡಿ ನೋಯುತ್ತಿದೆಯೆಂದು ದೇವರಿಗೆ ಕೃತಜ್ಞತೆ ಹೇಳಿದ ಇನ್ನೊಬ್ಬ ವೈದ್ಯರನ್ನು ನಾನು ಓದಿಲ್ಲ.

ಹಿರಿಯರು ಚಪ್ಪಲಿ ಕತ್ತರಿಸುವ ಮೊದಲು ನನಗೆ ಕೇಳಿದ ಪ್ರಶ್ನೆಯೂ ನೋವಿನ ಬಗ್ಗೆಯೇ. "ಮುಂಜಾನೆ ಹಾಸಿಗಿಂದ ಎದ್ದು ಮೊದಲನೇ ಹೆಜ್ಜಿ ಇಡೂವಾಗ ಭಾಳ ನೋಯ್ತೈತೇನ್ರಿ? ಮ್ಯಾಲ ಅಡ್ಡಾಡಿದ್ರ ಕಡಿಮಿ ಆಕ್ಕೈತೇನ್ರಿ?" ಹೌದೆಂದೆ. ಮೂಳೆ ವೈದ್ಯರು ಮೊದಲು ಕೇಳುವುದೂ ಇದನ್ನೇ.

ಹಿಮ್ಮಡಿ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಗಟ್ಟಿಯಾದ ಪೊರೆಯೊಂದು ಹರಡಿದೆ, ಪ್ಲಾಂಟಾರ್ ಫ್ಯಾಸಿಯಾ. ಪಾದದ ಕಮಾನು ಬಿಲ್ಲಾದರೆ ಇದು ಅದರ ಹೆದೆ. ಹೆಜ್ಜೆ ಎತ್ತುವಾಗ ಹೆಬ್ಬೆರಳು ಮೇಲಕ್ಕೆ ಬಾಗುತ್ತದೆ, ಪೊರೆ ಬಿಗಿಯುತ್ತದೆ, ಕಮಾನು ಏಳುತ್ತದೆ, ಪಾದ ನೆಲವನ್ನು ಒದ್ದು ಮುಂದಕ್ಕೆ ಹೋಗುವಷ್ಟು ಗಟ್ಟಿಯಾಗುತ್ತದೆ. 1954ರಲ್ಲಿ ಜೆ.ಎಚ್. ಹಿಕ್ಸ್ ಇದನ್ನು ವಿವರಿಸಿದರು. ದಿನಕ್ಕೆ ಸಾವಿರಾರು ಸಲ ನಡೆಯುವ ಈ ಎಳೆತ ಅಭ್ಯಾಸಕ್ಕಿಂತ ಒಮ್ಮೆಲೇ ಹೆಚ್ಚಾದರೆ ಹಿಮ್ಮಡಿಗೆ ಅಂಟಿಕೊಂಡ ಜಾಗದಲ್ಲಿ ಪೊರೆ ಸವೆಯತೊಡಗುತ್ತದೆ. ರಾತ್ರಿ ಪಾದ ಕೆಳಮುಖವಾಗಿರುವುದರಿಂದ ಅದು ಮುದುಡಿಕೊಂಡಿರುತ್ತದೆ. ಬೆಳಗಿನ ಮೊದಲ ಹೆಜ್ಜೆ ಅದನ್ನು ಜಗ್ಗಿ ಎಳೆಯುತ್ತದೆ.

"ಎಲುಬು ಬೆಳೆದಿದೆ" ಎಂದು ಎಕ್ಸ್-ರೇ ಹಿಡಿದು ಹೇಳುವುದನ್ನು ನಾನು ಮಾತ್ರ ಒಪ್ಪುವುದಿಲ್ಲ. ಹಿಮ್ಮಡಿಯಲ್ಲಿ ಅಂಥ ಮುಳ್ಳು ಇದ್ದೂ ಒಂದು ದಿನವೂ ನೋಯದವರು ಬೇಕಾದಷ್ಟಿದ್ದಾರೆ, ಮುಳ್ಳಿಲ್ಲದೆ ನರಳುವವರೂ ಇದ್ದಾರೆ. ಆ ಚಿತ್ರ ನೋಡಿ ಹೆದರಿ, ಮುಳ್ಳು ಚುಚ್ಚುತ್ತಿದೆ ಎಂದುಕೊಂಡು ನಡೆಯುವುದನ್ನೇ ಬಿಟ್ಟವರನ್ನು ಕಂಡು ಸಂಕಟವಾಗುತ್ತದೆ. ಈ ನೋವಿಗೆ ಕಾರಣ ಪೊರೆಯ ಉರಿಯೂತ ಎಂಬ ಮಾತೂ ಅಲುಗಾಡಿದೆ. 2003ರಲ್ಲಿ ಹಾರ್ವಿ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಾದ 50 ರೋಗಿಗಳ ಪೊರೆಯ ತುಣುಕುಗಳನ್ನು ಪರೀಕ್ಷಿಸಿದಾಗ ಕಂಡದ್ದು ಸವೆತ, ಉರಿಯೂತವಲ್ಲ. ಹಾಗಿರುವಾಗ ಮೊದಲ ಭೇಟಿಯಲ್ಲೇ ಸ್ಟೀರಾಯ್ಡ್ ಚುಚ್ಚುಮದ್ದು ಏಕೆ? ಕೆಲವು ವಾರ ಆರಾಮ ಸಿಗುತ್ತದೆ, ನಿಜ. ಪೊರೆ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳುವಾಗುವ ಅಪಾಯವೂ ಅದರ ಜೊತೆಗೇ ಬರುತ್ತದೆ.

ಓಡುವವರ ಕತೆ ಇನ್ನೊಂದು ಬಗೆ. 2008ರಲ್ಲಿ ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರ್ ಓಟ ಶುರುವಾದ ಮೇಲೆ ಬೂಟು ಕೊಂಡು ಕಬ್ಬನ್ ಪಾರ್ಕಿಗೆ ಇಳಿದವರು ಅದೆಷ್ಟೋ ಮಂದಿ. ಹೃದಯ, ಶ್ವಾಸಕೋಶ ಬೇಗ ಪಳಗುತ್ತವೆ. ಮೂಳೆ ಮತ್ತು ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ದಮ್ಮು ಇದೆಯೆಂದು ದೂರ ಹೆಚ್ಚಿಸಿದರೆ ಪಾದ ತಕರಾರು ತೆಗೆಯುತ್ತದೆ. ನೋವು ಹಿಮ್ಮಡಿಯಲ್ಲಲ್ಲದೆ ಪಾದದ ನಡುವೆ ಒಂದೇ ಬೆರಳು ಇಡುವಷ್ಟು ಜಾಗದಲ್ಲಿ ಇದ್ದು, ಓಡಿದಷ್ಟೂ ಏರುತ್ತ, ಮಲಗಿದಾಗಲೂ ಕಾಡಿದರೆ ಅದು ಮೂಳೆಯ ಸಣ್ಣ ಬಿರುಕಿರಬಹುದು. 1855ರಲ್ಲೇ ಬ್ರೈಟ್‌ಹಾಪ್ಟ್ ಎಂಬ ಪ್ರಷ್ಯದ ಸೇನಾ ವೈದ್ಯ, ಕವಾಯತು ಮಾಡಿದ ಸೈನಿಕರ ಊದಿದ ಪಾದಗಳಲ್ಲಿ ಇದನ್ನು ಗುರುತಿಸಿದ್ದ. ಇದಕ್ಕೆ ವಿಶ್ರಾಂತಿ ಮತ್ತು ವೈದ್ಯರೇ ಬೇಕು, ವ್ಯಾಯಾಮವಲ್ಲ.

ಬರಿಗಾಲು ಒಳ್ಳೆಯದೋ ಬೂಟೋ ಎಂಬ ಜಗಳಕ್ಕೆ ನಮ್ಮ ಮಣಿಪಾಲದಿಂದಲೇ ಒಂದು ಸಾಕ್ಷಿ ಹೋಗಿದೆ. ಅಲ್ಲಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6, ಬರಿಗಾಲಿನವರಲ್ಲಿ ಶೇ. 2.8. ಮುಚ್ಚಿದ ಬೂಟಿನವರಲ್ಲೇ ಹೆಚ್ಚು. ಮಕ್ಕಳನ್ನು ಮಣ್ಣಿನಲ್ಲಿ ಬರಿಗಾಲಲ್ಲಿ ಆಡಲು ಬಿಡಿ ಎಂದು ನಾನು ಇದರ ಬಲದ ಮೇಲೆ ಧೈರ್ಯವಾಗಿ ಹೇಳುತ್ತೇನೆ. ಆದರೆ ನಲವತ್ತು ದಾಟಿ, ಹಿಮ್ಮಡಿ ನೋಯುತ್ತಿರುವಾಗ ಗ್ರಾನೈಟ್ ನೆಲದ ಅಡುಗೆಮನೆಯಲ್ಲಿ ಬರಿಗಾಲಲ್ಲಿ ತಾಸುಗಟ್ಟಲೆ ನಿಲ್ಲುವುದಕ್ಕೆ ಇದು ಸಮರ್ಥನೆಯಲ್ಲ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಬೇಕು. ಒಳಗೆ ಚಪ್ಪಲಿ ಮೆಟ್ಟಲು ಮನಸ್ಸೊಪ್ಪದ ಹೆಂಗಸರಿಗೆ ಹಿರಿಯರು ಮನೆಗೆಂದೇ ಬೇರೆ ಜೋಡಿ ಹೊಲಿದು ಕೊಡುತ್ತಾರೆ.

"ಚಪ್ಪಲಿ ಅರ್ಧಾ ಕೆಲಸ ಮಾಡ್ತೈತ್ರಿ. ಉಳಿದ ಅರ್ಧಾ ನೀವ ಮಾಡಬೇಕು" ಎಂದರು ಹಿರಿಯರು. ಆ ಉಳಿದರ್ಧ ಮೀನಖಂಡದ್ದು. ಡೆನ್ಮಾರ್ಕಿನ ರಾಥ್ಲೆಫ್ ತಂಡ 48 ರೋಗಿಗಳ ಮೇಲೆ ಮಾಡಿದ ಪ್ರಯೋಗ ಮನೆಯ ಮೆಟ್ಟಿಲಿನಲ್ಲೇ ಮಾಡುವಂಥದ್ದು. ಸುತ್ತಿದ ಟವೆಲ್ಲನ್ನು ಬೆರಳುಗಳ ಕೆಳಗಿಟ್ಟು, ಒಂದೇ ಕಾಲಲ್ಲಿ ಮೆಟ್ಟಿಲಂಚಿಗೆ ನಿಂತು, ಮೂರು ಸೆಕೆಂಡಿನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡು ತಡೆದು, ಮೂರು ಸೆಕೆಂಡಿನಲ್ಲಿ ಇಳಿಸುವುದು. 12 ಸಲದ ಮೂರು ಸುತ್ತು, ದಿನ ಬಿಟ್ಟು ದಿನ. ಬರಬರುತ್ತ ಬೆನ್ನಿಗೆ ಪುಸ್ತಕ ತುಂಬಿದ ಚೀಲ. ಬರೀ ಅಂಗಾಲು ಹಿಗ್ಗಿಸುವ ವ್ಯಾಯಾಮ ಮಾಡಿದವರಿಗಿಂತ ಇವರು ಮೂರು ತಿಂಗಳಲ್ಲಿ ಚೆನ್ನಾಗಿ ಸುಧಾರಿಸಿದ್ದರು. ವರ್ಷದ ಕೊನೆಗೆ ಎರಡೂ ಗುಂಪು ಸಮ. ಹೆಚ್ಚಿನವರ ಹಿಮ್ಮಡಿ ನೋವು ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಇಳಿಯುತ್ತದೆ. ನಡಿಗೆ ಪೂರ್ತಿ ನಿಲ್ಲಿಸಬೇಕಿಲ್ಲ. ಮರುದಿನದ ಮೊದಲ ಹೆಜ್ಜೆ ನಿನ್ನೆಗಿಂತ ಹೆಚ್ಚು ನೋಯದಿದ್ದರೆ ಅಷ್ಟು ದೂರ ಸರಿ. ಹೆಚ್ಚು ನೋವಾದರೆ ಕಡಿಮೆ ಮಾಡಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ಮದ್ದುಂಟು. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆಯಿಟ್ಟು ಹಿಮ್ಮಡಿ ಒತ್ತುವುದು. ನನ್ನ ಅಜ್ಜಿಯ ಕೈಮದ್ದದು, ಅದರ ಮೇಲೆ ನನಗೆ ಅಕ್ಕರೆ ಇದೆ. ಬಿಸಿಯಿಂದ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಬೇಕು. ಆದರೆ ಸಕ್ಕರೆ ಕಾಯಿಲೆಯಿದ್ದವರು ಇದರ ಹತ್ತಿರವೂ ಹೋಗಬಾರದು. ಅವರ ಅಂಗಾಲಿನ ನರಗಳು ಮಂಕಾಗಿದ್ದರೆ ಇಟ್ಟಿಗೆ ಸುಟ್ಟದ್ದು ಗೊತ್ತಾಗುವುದೇ ಇಲ್ಲ, ವೆಲ್ಲೂರಿನಲ್ಲಿ ಬ್ರ್ಯಾಂಡ್ ಕಂಡ ರೋಗಿಗಳ ಸ್ಥಿತಿಯೇ. 1966ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದ ಬ್ರ್ಯಾಂಡ್, ಇಲ್ಲಿ ಕಲಿತದ್ದನ್ನೇ ಅಲ್ಲಿ ಮಧುಮೇಹಿಗಳ ಪಾದ ಉಳಿಸಲು ಬಳಸಿದರು.

ಒಂದು ಕಾಲಕ್ಕೆ ಕಪ್ಪು ಎಂ.ಸಿ.ಆರ್. ಮೆಟ್ಟಿದವರನ್ನು ಕಂಡರೆ ಜನ ದೂರ ಸರಿಯುತ್ತಿದ್ದರು. ಆ ಅವಮಾನಕ್ಕೆ ಹೆದರಿ ಚಪ್ಪಲಿ ಬೇಡವೆಂದ ರೋಗಿಗಳಿದ್ದರು. ಇವತ್ತು ಅದೇ ಹೆಸರಿನಲ್ಲಿ ಬಣ್ಣಬಣ್ಣದ ಅಗ್ಗದ ಫೋಮ್ ಮಾರಾಟವಾಗುತ್ತಿದೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಒಳ್ಳೆಯ ರಬ್ಬರು ತಗ್ಗಿ ತಕ್ಷಣ ಮೇಲೇಳುತ್ತದೆ, ಗುರುತು ಉಳಿದರೆ ಕೊಳ್ಳಬೇಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದು, ಅವರು ಕಾಲು ನೋವೆಂದು ಒಮ್ಮೆಯೂ ಹೇಳಿಲ್ಲವಾದರೆ, ಈ ಭಾನುವಾರ ಅವರ ಅಂಗಾಲನ್ನು ಬೆಳಕಿಗೆ ಹಿಡಿದು ನೋಡಿ. ಗುಳ್ಳೆ, ಬಿರುಕು, ಕೆಂಪು ಕಂಡರೆ ಮರುದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ.