ಹಡಗಿನ ಓದಿಗೆ ಮೊದಲು ಒಂದು ವರ್ಷ: ಯಾರಿಗೆ ಬೇಕು, ಯಾರಿಗೆ ಬೇಡ?

ಮಿರ್ಲೆಯ ಮದರಸದ ಜಗಲಿಯಲ್ಲಿ ಮಗ್ರಿಬ್ ಮುಗಿಸಿ ಕೂತಿದ್ದೆ. ಈ ಸುತ್ತಿನ ಹಳ್ಳಿಗಳಿಗೆ ಮಂಗಳೂರು ಧಕ್ಕೆಯಿಂದ ಮೀನು ತರಿಸಿ ಮಾರುವ ನಮ್ಮ ಕಡೆಯ ಕಾಕ ಒಬ್ಬರು ಮಗನನ್ನು ಕರಕೊಂಡು ಬಂದರು. ಕೈಯಲ್ಲಿ ಬಣ್ಣಬಣ್ಣದ ಪುಸ್ತಿಕೆ.

"ಉಸ್ತಾದರೇ, ಇದನ್ನೊಮ್ಮೆ ಓದಿ ಹೇಳಿ. ನಾಳೆಯೇ ಮುಂಗಡ ಕಟ್ಟಬೇಕಂತೆ" ಎಂದರು.

ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಮೂರು ವರ್ಷದ ಶಿಪ್ಪಿಂಗ್ ಮ್ಯಾನೇಜ್‌ಮೆಂಟ್ ಪದವಿ. ಅದಕ್ಕೆ ಮೊದಲು ಒಂದು ವರ್ಷ ಬಿಸಿನೆಸ್ ಫೌಂಡೇಶನ್. ಒಟ್ಟು ನಾಲ್ಕು ವರ್ಷ. ಹುಡುಗ ದ್ವಿತೀಯ ಪಿಯುಸಿ ಕಾಮರ್ಸ್‌ನಲ್ಲಿ ಒಳ್ಳೆಯ ಅಂಕದಲ್ಲಿ ಪಾಸಾದವನು. ದುಡ್ಡಿಗೆ ಏನು ಮಾಡ್ತೀರಿ ಎಂದು ಕೇಳಿದೆ. ಊರಲ್ಲಿ ಮಗಳ ಮನೆಗೆಂದು ಇಟ್ಟಿದ್ದ ಹತ್ತು ಸೆಂಟ್ಸ್ ಜಾಗ ಮಾರುವುದು ಎಂದರು.

ನಾನು ಓದಿದ್ದು ಪಿಯುಸಿವರೆಗೆ ಮಾತ್ರ. ಆದರೂ "ಒಂದು ವಾರ ಕೊಡಿ, ಮುಂಗಡ ಕಟ್ಟಬೇಡಿ" ಅಂದೆ. ಅದಕ್ಕೆ ಕಾರಣ ಇತ್ತು. ಕೆಲವು ವರ್ಷದ ಹಿಂದೆ ಊರಿನಲ್ಲಿ ಹೀಗೇ ಒಬ್ಬರು ಕೇಳಿದಾಗ "ಓದು ತಾನೇ, ಹೋಗಲಿ ಬಿಡಿ" ಎಂದು ಹೇಳಿ ಕಳಿಸಿದ್ದೆ. ಆ ಹುಡುಗ ಯಾವುದೋ ಆರು ತಿಂಗಳ ಶಿಪ್ಪಿಂಗ್ ಕೋರ್ಸಿಗೆ ಹಣ ಸುರಿದ. ಆ ಸರ್ಟಿಫಿಕೇಟು ಹಿಡಿದು ಹಡಗು ಹತ್ತಲಿಕ್ಕೇ ಆಗಲಿಲ್ಲ. ಅವನ ಉಮ್ಮನನ್ನು ಕಂಡಾಗಲೆಲ್ಲ ನನಗೆ ಇವತ್ತಿಗೂ ಮುಖ ಎತ್ತಲಾಗುವುದಿಲ್ಲ.

ಹಡಗು ಹತ್ತುವ ಓದಲ್ಲ

ನಮ್ಮಲ್ಲಿ ಹೆಚ್ಚಿನವರು ಮೊದಲು ತಪ್ಪುವುದು ಇಲ್ಲೇ. ಹಡಗು ನಡೆಸುವ ಅಧಿಕಾರಿ ಆಗಬೇಕಾದರೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಓದಿರಬೇಕು. ಆ ಮೂರರಲ್ಲಿ ಶೇ. 60, ಇಂಗ್ಲಿಷಿನಲ್ಲಿ ಶೇ. 50 ಅಂಕ ಬೇಕು. ಕೇಂದ್ರದ ಹಡಗು ಸಾರಿಗೆ ಮಹಾನಿರ್ದೇಶನಾಲಯ ಒಪ್ಪಿದ ಸಂಸ್ಥೆಯಲ್ಲೇ ತರಬೇತಿ ಆಗಬೇಕು. ಕಾಮರ್ಸ್ ಓದಿದ ಹುಡುಗನಿಗೆ ಆ ಬಾಗಿಲು ಇಲ್ಲ.

ಶಿಪ್ಪಿಂಗ್ ಮ್ಯಾನೇಜ್‌ಮೆಂಟ್ ಅಂದರೆ ದಡದ ಕೆಲಸ. ಯಾವ ಸರಕು, ಯಾವ ಹಡಗಿನಲ್ಲಿ, ಎಷ್ಟು ಬಾಡಿಗೆಗೆ ಹೋಗಬೇಕು? ಕಸ್ಟಮ್ಸ್ ಕಾಗದ ಯಾರು ಮಾಡಬೇಕು? ಸರಕು ಹಾಳಾದರೆ ವಿಮೆ ಯಾರದ್ದು? ಇದೆಲ್ಲ ಆ ಓದಿನ ವಿಷಯ. ಭಾರತದ ವಿದೇಶ ವ್ಯಾಪಾರದ ಸರಕಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಶೇ. 95 ಸಮುದ್ರದ ಮೇಲೇ ಸಾಗುತ್ತದೆ. ಕೊಡಗಿನ ಕಾಫಿ ನವಮಂಗಳೂರು ಬಂದರಿನಿಂದ ಹೊರಡುತ್ತದೆ. ನಮ್ಮ ಪಕ್ಕದ ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ಹೊಗೆಸೊಪ್ಪು ಹರಾಜು ಕಟ್ಟೆಯಿಂದ ಹೊರಟು ಬಹುಪಾಲು ವಿದೇಶಕ್ಕೇ ಸೇರುತ್ತದೆ. ಕಡಲೇ ಕಾಣದ ಈ ಸೀಮೆಗೂ ಹಡಗಿನ ಲೆಕ್ಕ ತಪ್ಪಿದ್ದಲ್ಲ.

ನಮಗಂತೂ ಇದು ಹೊಸತಲ್ಲ. ಬ್ಯಾರಿ ಎಂಬ ಹೆಸರು ವ್ಯಾಪಾರ ಎಂಬರ್ಥದ ತುಳುವಿನ 'ಬ್ಯಾರ'ದಿಂದ ಬಂತು ಎನ್ನುವವರಿದ್ದಾರೆ, ಕಡಲು ಎಂಬರ್ಥದ ಅರಬ್ಬಿಯ 'ಬಹ್ರ್'ನಿಂದ ಬಂತು ಎನ್ನುವವರೂ ಇದ್ದಾರೆ. ಶಿಪ್ಪಿಂಗ್ ಮ್ಯಾನೇಜ್‌ಮೆಂಟ್ ಎಂದರೆ ಇವೆರಡೂ ಸೇರಿದ್ದೇ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ, ಪರ್ಷಿಯಾ ಮತ್ತು ಯಮನ್ ಕಡೆಯ ವರ್ತಕರು ಇಲ್ಲಿ ಇಳಿಯುತ್ತಿದ್ದರು ಎಂದು ಬರೆದಿದ್ದಾನೆ. ಅದಕ್ಕೂ ಮೊದಲು, 12ನೇ ಶತಮಾನದಲ್ಲಿ, ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಬೆನ್ ಯಿಜುವಿನ ಪರವಾಗಿ ಬೊಮ್ಮ ಎಂಬವನು ಏಡನ್‌ವರೆಗೆ ಹೋಗಿ ವ್ಯವಹಾರ ಮುಗಿಸಿ ಬರುತ್ತಿದ್ದ. ಆ ಕಾಲದ ಕಾಗದಪತ್ರಗಳು ಕೈರೋದಲ್ಲಿ ಸಿಕ್ಕಿವೆ. ಬೊಮ್ಮನ ಬಳಿ ಪದವಿ ಇರಲಿಲ್ಲ, ಲೆಕ್ಕ ಮತ್ತು ನಂಬಿಕೆ ಇತ್ತು.

ಫೌಂಡೇಶನ್ ವರ್ಷ ಯಾಕಿದೆ?

ಇಂಗ್ಲೆಂಡಿನ ಮಕ್ಕಳು ಪದವಿಗೆ ಸೇರುವಾಗ 13 ವರ್ಷದ ಶಾಲೆ ಮುಗಿಸಿರುತ್ತಾರೆ. ನಮ್ಮದು 12. ಅಂಕ ಕಡಿಮೆ ಬಂದವರು, ಬೇರೆ ವಿಷಯ ಓದಿದವರು, ಓದು ಬಿಟ್ಟು ಕೆಲವು ವರ್ಷ ಕಳೆದವರು, ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಇಲ್ಲದವರು, ಇಂಥವರಿಗೆ ನೇರ ಮೊದಲ ವರ್ಷಕ್ಕೆ ಹೋದರೆ ಕಷ್ಟ. ಅದಕ್ಕೇ ಈ ವರ್ಷ. ಲೆಕ್ಕಪತ್ರ, ಅರ್ಥಶಾಸ್ತ್ರದ ಮೊದಲ ಪಾಠ, ಅಂಕಿಅಂಶ, ವರದಿ ಬರೆಯುವುದು, ಇಂಥವನ್ನು ಕಲಿಸುತ್ತಾರೆ. ಬೇಕಾದವನಿಗೆ ಇದು ಬಹಳ ಉಪಕಾರದ ವರ್ಷ.

ಆದರೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಒಳ್ಳೆಯ ಅಂಕ ಇದ್ದರೆ ನಮ್ಮ 12ನೇ ತರಗತಿಯವರನ್ನು ನೇರವಾಗಿ ಪದವಿಯ ಮೊದಲ ವರ್ಷಕ್ಕೇ ಸೇರಿಸಿಕೊಳ್ಳುತ್ತವೆ. ಈ ಮಾತು ಕಾಕನ ಕೈಯಲ್ಲಿದ್ದ ಪುಸ್ತಿಕೆಯಲ್ಲಿ ಎಲ್ಲೂ ಇರಲಿಲ್ಲ. ಹುಡುಗನನ್ನು ಕೂರಿಸಿ ವಿಶ್ವವಿದ್ಯಾಲಯಕ್ಕೇ ನೇರ ಮೇಲ್ ಹಾಕಿಸಿದೆ, ಅಂಕಪಟ್ಟಿ ಸಮೇತ. ನಾಲ್ಕನೇ ದಿನ ಉತ್ತರ ಬಂತು: ಇಂಗ್ಲಿಷ್ ಪರೀಕ್ಷೆ ಪಾಸಾದರೆ ಮೊದಲ ವರ್ಷಕ್ಕೇ ಅರ್ಜಿ ಹಾಕಬಹುದು. ಅಂದರೆ ಒಂದು ಇಡೀ ವರ್ಷದ ಶುಲ್ಕ, ಊಟ, ಬಾಡಿಗೆ ಬೇಡದ ಖರ್ಚಾಗಿತ್ತು.

ಇನ್ನೊಂದು ವಿಷಯ. ಬಿಸಿನೆಸ್‌ನಂಥ ತರಗತಿ ಪಾಠದ ಫೌಂಡೇಶನ್ ವರ್ಷ ತೀರಾ ದುಬಾರಿಯಾಯಿತೆಂದು ಇಂಗ್ಲೆಂಡ್ ಸರಕಾರವೇ 2025ರಿಂದ ಅದರ ಶುಲ್ಕಕ್ಕೆ 5,760 ಪೌಂಡಿನ ಮಿತಿ ಹಾಕಿದೆ. ಆದರೆ ಆ ಮಿತಿ ಅಲ್ಲಿನ ಮಕ್ಕಳಿಗೆ ಮಾತ್ರ, ಹೊರದೇಶದವರಿಗಿಲ್ಲ. ಯಾರಾದರೂ ಆ ಅಂಕಿ ತೋರಿಸಿ ಆಸೆ ಹುಟ್ಟಿಸಿದರೆ ಮೋಸ ಹೋಗಬೇಡಿ.

ಹತ್ತಿರದ ದಾರಿಗಳು

2008ರಲ್ಲಿ ಶುರುವಾದ ಕೇಂದ್ರ ಸರಕಾರದ ಭಾರತೀಯ ಸಾಗರ ವಿಶ್ವವಿದ್ಯಾಲಯ ಚೆನ್ನೈಯಲ್ಲಿದೆ, ಕೊಚ್ಚಿಯಲ್ಲೂ ಅದರ ಕ್ಯಾಂಪಸ್ ಇದೆ. ಅಲ್ಲಿ ಲಾಜಿಸ್ಟಿಕ್ಸ್‌ನಲ್ಲಿ ಮೂರು ವರ್ಷದ ಬಿಬಿಎ ಉಂಟು, ಪಿಯುಸಿ ಆದವರಿಗೆ ಫೌಂಡೇಶನ್ ವರ್ಷ ಬೇಕಿಲ್ಲ. ಮುಂದೆ ಬಂದರು ಮತ್ತು ಶಿಪ್ಪಿಂಗ್ ನಿರ್ವಹಣೆಯಲ್ಲಿ ಎಂಬಿಎ ಮಾಡಬಹುದು. ಇಲ್ಲೇ ಬಿಕಾಂ ಮಾಡುತ್ತಾ, ರಜೆಯಲ್ಲಿ ಮಂಗಳೂರಿನ ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಕಾಗದ ಕೆಲಸ ಕಲಿಯುವುದೂ ಒಂದು ದಾರಿ. ಕೆಲಸದಲ್ಲಿದ್ದುಕೊಂಡೇ ಓದುವವರಿಗೆ, 1911ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಶಿಪ್‌ಬ್ರೋಕರ್ಸ್ ನಡೆಸುವ ಪರೀಕ್ಷೆಗಳಿವೆ. ಗಲ್ಫಿನಲ್ಲಿ ಶಿಪ್ಪಿಂಗ್ ಕಂಪನಿಯಲ್ಲಿರುವ ನಿಮ್ಮ ನೆಂಟರನ್ನು ಕೇಳಿ ನೋಡಿ, ಅದರ ಬೆಲೆ ಅವರಿಗೆ ಗೊತ್ತಿರುತ್ತದೆ.

ಫೌಂಡೇಶನ್ ಅಂತೂ ಮನೆಯಲ್ಲೇ ಶುರುವಾಗಬಹುದು. ಪುಸ್ತಿಕೆಯಲ್ಲಿ 'ಡೆಮರೇಜ್' ಎಂಬ ಪದ ಇತ್ತು. ಹುಡುಗನಿಗೆ ಅರ್ಥವಾಗಲಿಲ್ಲ. ನಿಗದಿತ ದಿನಕ್ಕಿಂತ ಹೆಚ್ಚು ಹಡಗನ್ನೋ ಕಂಟೇನರನ್ನೋ ನಿಲ್ಲಿಸಿಕೊಂಡರೆ ಕಟ್ಟಬೇಕಾದ ಹಣ ಅದು ಎಂದು ವಿವರಿಸಿದೆ. ಕಾಕ ನಕ್ಕರು. "ಇದು ನಮ್ಮ ಲಾರಿಯ ಹಾಲ್ಟಿಂಗ್ ಅಲ್ಲವಾ ಉಸ್ತಾದರೇ? ಧಕ್ಕೆಯಲ್ಲಿ ಒಂದು ದಿನ ನಿಂತರೆ ಐಸೂ ಹೋಯ್ತು, ಮೀನೂ ಹೋಯ್ತು." ಬಾಪನ ವ್ಯಾಪಾರದಲ್ಲಿ ತನ್ನ ಪಾಠ ಇದೆ ಅಂತ ಹುಡುಗನಿಗೆ ಆ ದಿನ ಮೊದಲ ಸಲ ಹೊಳೆಯಿತು.

ಸಹಿ ಹಾಕುವ ಮೊದಲು

ಮಕ್ಕಳನ್ನು ಇಂಥ ಓದಿಗೆ ಕಳಿಸುವ ಮನೆಯವರು ನಾಲ್ಕು ಪ್ರಶ್ನೆ ಕೇಳಿ. ಒಂದು, ನನ್ನ ಮಗನ ಅಂಕಕ್ಕೆ ನೇರ ಮೊದಲ ವರ್ಷ ಸಿಗುತ್ತದೆಯೇ? ಉತ್ತರ ವಿಶ್ವವಿದ್ಯಾಲಯದಿಂದಲೇ ಬರಲಿ, ಏಜೆಂಟರ ಬಾಯಿಂದ ಬೇಡ. ಎರಡು, ಫೌಂಡೇಶನ್ ಪಾಸಾದರೆ ಪದವಿಯ ಸೀಟು ಖಾತ್ರಿಯೇ, ಎಷ್ಟು ಅಂಕ ಬೇಕು? ಬರಹದಲ್ಲಿ ತಗೊಳ್ಳಿ. ಮೂರು, ನಾಲ್ಕು ವರ್ಷದ ಒಟ್ಟು ಖರ್ಚೆಷ್ಟು, ನಡುವೆ ಬಿಟ್ಟರೆ ಎಷ್ಟು ವಾಪಸು? ನಾಲ್ಕು, ಇದು ದಡದ ಕೆಲಸವೋ ಹಡಗಿನ ಕೆಲಸವೋ? ಇದು ಮಗನಿಗೂ ಗೊತ್ತಿರಲಿ. ಹೆಣ್ಣುಮಕ್ಕಳ ಉಮ್ಮಂದಿರೂ ಈ ನಾಲ್ಕನೆಯದನ್ನು ಗಮನಿಸಿ. ದಡದ ಕೆಲಸ ಆಫೀಸಿನ ಕೆಲಸ, ಅವರಿಗೂ ಒಪ್ಪುತ್ತದೆ.

ಕಾಕ ಜಾಗ ಮಾರಲಿಲ್ಲ. ಹುಡುಗ ಈಗ ಬಿಬಿಎಗೆ ಸೇರಿದ್ದಾನೆ. ವಿದೇಶ ತಪ್ಪಿತೆಂದು ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಸಲಾಂ ಹೇಳಿ ಮುಖ ತಿರುಗಿಸುತ್ತಿದ್ದ. ಮೊನ್ನೆ ರಜೆಗೆ ಬಂದವನು ಮದರಸಕ್ಕೆ ಬಂದು, ಹಡಗು ಕಂಪನಿ ಸರಕಿಗೆ ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ರಸೀದಿಯ ಮಾದರಿಯನ್ನು ನನ್ನ ಮುಂದೆ ಹರಡಿ, ಸಾಲು ಸಾಲಾಗಿ ವಿವರಿಸಿದ. ಅರ್ಧ ನನಗೆ ಅರ್ಥವಾಗಲಿಲ್ಲ. ಪದವಿ ಮುಗಿಸಿ ವಿದೇಶಕ್ಕೆ ಹೋಗ್ತೇನೆ ಉಸ್ತಾದ್ ಅಂದ. ಹೋಗು ಮಗಾ ಅಂದೆ. ಆಗ ಅವನ ತಂಗಿಯ ಹತ್ತು ಸೆಂಟ್ಸ್ ಅಲ್ಲೇ ಇರುತ್ತದೆ.